ಎದುರಾಳಿಯ ಊರಿಗೆ ಒಂದು ಟಿಕೆಟ್

ಗೋಲು ಹೊಡೆದವನ ಹೆಸರು ಇತಿಹಾಸದಲ್ಲಿ ಇರುತ್ತೆ. ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಹೆಸರೂ ಇರುತ್ತೆ, ಪಾಪ. ಸೀಟಿ ಊದಿದ ರೆಫ್ರಿ, ಕಪ್ ಕೊಟ್ಟ ಮಂತ್ರಿ, ಕಪ್ ಪಕ್ಕದಲ್ಲಿ ಹಲ್ಲು ಕಿರಿದು ನಿಂತ ಅಧಿಕಾರಿ, ಎಲ್ಲರ ಹೆಸರೂ ಹುಡುಕಿದರೆ ಸಿಗುತ್ತೆ. ಆದರೆ ಆ ಒಂದು ಗೋಲು ನೋಡೋಕೆ ಅಂತ ರಾತ್ರಿಯಿಡೀ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು ಹೋಗಿ, ಗೊತ್ತಿಲ್ಲದ ಊರಲ್ಲಿ ಇಳಿದು, ಸಾವಿರಾರು ಎದುರಾಳಿ ಜನರ ನಡುವೆ ತನ್ನೂರಿನ ಬಣ್ಣದ ಅಂಗಿ ತೊಟ್ಟು ಕೂತನಲ್ಲ, ಅವನ ಹೆಸರು? ಎಲ್ಲೂ ಇಲ್ಲ ಸ್ವಾಮಿ.

ಇವತ್ತು ಅವನ ಬಗ್ಗೆ ಮಾತಾಡೋಣ. ಫುಟ್‌ಬಾಲ್ ನೋಡೋರು ಅವನನ್ನ ‘ಅವೇ ಫ್ಯಾನ್’ ಅಂತಾರೆ. ತವರು ಮೈದಾನ ಬಿಟ್ಟು ತಂಡದ ಹಿಂದೆ ಪರಸ್ಥಳಕ್ಕೆ ಹೋಗೋ ಅಭಿಮಾನಿ. ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಪಕ್ಕದೂರಲ್ಲಿ ಕಬಡ್ಡಿ ಟೂರ್ನಮೆಂಟ್ ಇದ್ದರೆ ಆಡೋರು ಏಳು ಜನ, ಟ್ರಾಕ್ಟರ್ ಟ್ರೇಲರ್ ಹತ್ತೋರು ನಲವತ್ತು ಜನ. ಗೆದ್ದರೆ ತಮಟೆ ಹೊಡೆಸಿಕೊಂಡು ಬರ್ತಾರೆ, ಸೋತರೆ ದಾರಿಯುದ್ದಕ್ಕೂ ಅಂಪೈರ್‌ನ ಬೈಕೊಂಡು ಬರ್ತಾರೆ. ಆ ನಲವತ್ತು ಜನಕ್ಕೂ ಒಂದು ಚರಿತ್ರೆ ಇದೆ. ಅದು ಬರೆದಿರೋದು ಮಾತ್ರ ಕ್ರೀಡೆಯ ಪುಸ್ತಕದಲ್ಲಿ ಕಡಿಮೆ, ರೈಲ್ವೆ ವೇಳಾಪಟ್ಟಿಯಲ್ಲಿ ಜಾಸ್ತಿ.

ಮೊದಲು ಮಾಸ್ತಿಯಿಂದ ಶುರು ಮಾಡೋಣ. ಯಾಕೆ ಮಾಸ್ತಿ ಅಂತೀರಾ? ಫುಟ್‌ಬಾಲ್ ಬಗ್ಗೆ ಮಾತಾಡೋರೆಲ್ಲ ಬೆಂಗಳೂರಿನ ಎಂ.ಜಿ. ರೋಡಿನಿಂದಲೇ ಶುರು ಮಾಡ್ತಾರೆ, ಅದಕ್ಕೆ. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು, ತಮಿಳುನಾಡಿನ ಗಡಿಗೆ ಹತ್ತಿರದ ಊರು. ಕನ್ನಡಕ್ಕೆ ಮಾಸ್ತಿ ಅಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಅವರು ಹುಟ್ಟಿದ್ದು ಇದೇ ಮಾಲೂರು ಸೀಮೆಯ ಹೊಂಗೇನಹಳ್ಳಿಯಲ್ಲಿ, 1891ರ ಜೂನ್ 6ರಂದು. ಅದೇ 1891ರಲ್ಲಿ ಬಾಂಬೆಯಲ್ಲಿ ರೋವರ್ಸ್ ಕಪ್ ಅನ್ನೋ ಫುಟ್‌ಬಾಲ್ ಪಂದ್ಯಾವಳಿ ಶುರುವಾಯಿತು. ಎರಡಕ್ಕೂ ಸಂಬಂಧ ಏನೂ ಇಲ್ಲ, ಇಸವಿ ಒಂದೇ ಅಷ್ಟೆ. ಆದರೆ ರೋವರ್ಸ್ ಕಪ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಮಾಸ್ತಿಯ ಒಬ್ಬ ಹುಡುಗ ಬೆಂಗಳೂರು ಎಫ್‌ಸಿ ಪಂದ್ಯ ನೋಡೋಕೆ ಕಂಠೀರವಕ್ಕೆ ಬರಬೇಕು ಅಂದುಕೊಳ್ಳಿ. ಕಾಗದದ ಮೇಲೆ ಅವನು ತವರಿನ ಅಭಿಮಾನಿ. ಲೆಕ್ಕ ಹಾಕಿ ನೋಡಿ. ಮಾಸ್ತಿಯಿಂದ ಮಾಲೂರಿಗೆ ಬಸ್ಸು. ಮಾಲೂರಿನಿಂದ ರೈಲು. ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ಕಾಡುಗೋಡಿಯ ಮೆಟ್ರೋ, 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಅಲ್ಲಿಂದ ಸೀದಾ ಕಬ್ಬನ್ ಪಾರ್ಕ್‌ಗೆ ಬರುತ್ತೆ. ಅಲ್ಲಿಂದ ಕಾಲ್ನಡಿಗೆ. ಬರೋದು ಸಲೀಸು. ಪಂದ್ಯ ಶುರುವಾಗೋದು ರಾತ್ರಿ 7.30ಕ್ಕೆ. ಮುಗಿಯೋ ಹೊತ್ತಿಗೆ ಒಂಬತ್ತೂವರೆ. ಜನ ಹೊರಗೆ ಬರೋಕೆ ಇನ್ನೂ ಕಾಲು ಗಂಟೆ. ಆಮೇಲೆ ಮೆಟ್ರೋ, ಆಮೇಲೆ ರೈಲು, ಮಾಲೂರಲ್ಲಿ ಇಳಿದರೆ ಮಾಸ್ತಿಗೆ ಆ ಹೊತ್ತಲ್ಲಿ ಬಸ್ಸು ನಂಬಿಕೊಂಡು ಕೂರೋಕೆ ಆಗುತ್ತಾ? ಬೈಕಲ್ಲಿ ಬಂದ ಅಂದುಕೊಳ್ಳಿ. ಹೆಲ್ಮೆಟ್ ಒಳಗೆ ಬಿಡಲ್ಲ, ಎಲ್ಲಿಡಬೇಕು? ಬೆಳಗ್ಗೆ ಐದೂವರೆಗೆ ಹಸು ಕರೆದು ಡೇರಿಗೆ ಹಾಲು ಹಾಕಬೇಕು, ಅಥವಾ ಮಾಲೂರಿನ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟು. ತವರು ಪಂದ್ಯಕ್ಕೇ ಈ ಪಾಡು. ಹಾಗಾದರೆ ಅವನು ಗೋವಾಕ್ಕೋ, ಕೊಚ್ಚಿಗೋ, ಕೋಲ್ಕತ್ತಕ್ಕೋ ಹೋಗಬೇಕು ಅಂದರೆ?

ಬಂದ ದಾರಿಗಿಂತ ವಾಪಸ್ ಹೋಗೋ ದಾರಿ ದೊಡ್ಡದು. ಅವೇ ಫ್ಯಾನ್‌ನ ಚರಿತ್ರೆ ಪೂರ್ತಿ ನಿಂತಿರೋದು ಒಂದೇ ಪ್ರಶ್ನೆ ಮೇಲೆ. ಪಂದ್ಯದ ಹೊತ್ತು ಗೊತ್ತು ಮಾಡಿದವನು, ನೋಡೋಕೆ ಬಂದವನು ಮನೆಗೆ ಹೆಂಗೆ ಹೋಗ್ತಾನೆ ಅಂತ ಒಂದು ಕ್ಷಣ ಯೋಚನೆ ಮಾಡಿದ್ದನಾ?

ಹಿಂದೆ ಮಾಡಿದವರಿದ್ದರು. ಅದೂ ವ್ಯಾಪಾರಕ್ಕಾಗಿ, ಪ್ರೀತಿಗಲ್ಲ. ಆದರೂ ಮಾಡಿದ್ದರು.

ಇಂಗ್ಲೆಂಡ್ ನೋಡಿ. ಗಿರಣಿ ಕೆಲಸಗಾರರಿಗೆ ಶನಿವಾರ ಮಧ್ಯಾಹ್ನದ ಮೇಲೆ ರಜೆ ಸಿಗೋಕೆ ಶುರುವಾದ ಮೇಲೆ ಫುಟ್‌ಬಾಲ್ ಬೆಳೀತು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅನ್ನೋ ಕಾರ್ಮಿಕರ ತಂಡ ಲಂಡನ್ನಿಗೆ ಬಂದು, ಶ್ರೀಮಂತರ ಶಾಲೆ ಈಟನ್‌ನ ಹಳೆ ವಿದ್ಯಾರ್ಥಿಗಳನ್ನ ಸೋಲಿಸಿ ಎಫ್‌ಎ ಕಪ್ ಹೊತ್ತುಕೊಂಡು ಹೋಯಿತು. ಮಾರನೇ ವರ್ಷ ಅದೇ ಊರಿನ ಇನ್ನೊಂದು ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್ ಫೈನಲ್‌ಗೆ ಬಂತು, ಜೊತೆಗೆ ರೈಲು ತುಂಬ ಜನ. ಅವರ ಮಾತು, ಅವರ ಬಟ್ಟೆ, ಅವರ ಬೈಗುಳ ನೋಡಿ ಲಂಡನ್ನಿನ ಒಂದು ಪತ್ರಿಕೆ ದಂಡು ನುಗ್ಗಿದೆ ಅನ್ನೋ ಹಾಗೆ ಬರೆದಿತ್ತು. ನಮ್ಮ ಪೇಟೆಯವರು ಜಾತ್ರೆಗೆ ಬಂದ ಹಳ್ಳಿಯವರನ್ನ ನೋಡ್ತಿದ್ದರಲ್ಲ, ಅದೇ ನೋಟ. ಆದರೆ ರೈಲು ಕಂಪನಿಗಳು ಮೂಗು ಮುರಿಯಲಿಲ್ಲ. ಕಡಿಮೆ ದರದ ವಿಶೇಷ ರೈಲು ಬಿಟ್ಟವು. ಹೋಗೋಕೂ ಅದೇ ಟಿಕೆಟ್, ಬರೋಕೂ ಅದೇ. ಪಂದ್ಯ ಮುಗಿದ ಮೇಲೇ ರೈಲು ಹೊರಡ್ತಿತ್ತು.

ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಇನ್ನೂ ಚೆಂದ. ಅಲ್ಲಿ ‘ಬ್ರೇಕ್’ ಅನ್ನೋ ದೊಡ್ಡ ಕುದುರೆ ಬಂಡಿಗಳಿದ್ದವು. ಒಂದು ಬೀದಿಯವರು ಸಂಘ ಕಟ್ಟಿಕೊಂಡು, ವಾರ ವಾರ ಚಿಲ್ಲರೆ ದುಡ್ಡು ಕೂಡಿಹಾಕಿ, ಬಂಡಿ ಬಾಡಿಗೆಗೆ ಹಿಡಿದು, ತಮ್ಮ ತಂಡದ ಬಾವುಟ ಕಟ್ಟಿಕೊಂಡು ಪರ ಮೈದಾನಕ್ಕೆ ಹೋಗ್ತಿದ್ದರು. ಬ್ರೇಕ್ ಕ್ಲಬ್ ಅಂತಲೇ ಹೆಸರು. ನಮ್ಮಲ್ಲಿ ಚೀಟಿ ಹಾಕಿ ತಿರುಪತಿಗೆ ಬಸ್ಸು ಮಾಡಿಕೊಂಡು ಹೋಗ್ತಾರಲ್ಲ, ಅದೇ ಲೆಕ್ಕ. ಇವತ್ತಿನ ಫ್ಯಾನ್ ಕ್ಲಬ್‌ಗಳ ಅಜ್ಜ ಆ ಕುದುರೆ ಬಂಡಿ.

ನಮ್ಮ ದೇಶಕ್ಕೆ ಬನ್ನಿ. 1911ರ ಜುಲೈ 29, ಕಲ್ಕತ್ತಾ. ಐಎಫ್‌ಎ ಶೀಲ್ಡ್ ಫೈನಲ್. ಒಂದು ಕಡೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬೂಟುಗಾಲಿನ ಬಿಳಿ ಸಿಪಾಯಿಗಳು, ಇನ್ನೊಂದು ಕಡೆ ಮೋಹನ್ ಬಾಗಾನ್. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲು. 2-1ರಿಂದ ಮೋಹನ್ ಬಾಗಾನ್ ಗೆದ್ದಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ನನಗೆ ಅದಕ್ಕಿಂತ ಹಿಡಿಸೋದು ಆ ದಿನದ ಜನ ಬಂದ ರೀತಿ. ಈಸ್ಟ್ ಇಂಡಿಯನ್ ರೈಲ್ವೆ ವಿಶೇಷ ರೈಲು ಬಿಟ್ಟಿತು. ಹೂಗ್ಲಿ ನದಿಯಲ್ಲಿ ಹೆಚ್ಚುವರಿ ಸ್ಟೀಮರ್‌ಗಳು ಓಡಿದವು. ಹತ್ತಿರದ ಜಿಲ್ಲೆಗಳಿಂದ ಮಾತ್ರ ಅಲ್ಲ, ದೂರದ ಬಿಹಾರ, ಅಸ್ಸಾಂ ಕಡೆಯಿಂದಲೂ ಜನ ಬಂದರು. ಮೈದಾನ ಕಾಣದವರು ಮರದ ಪೆಟ್ಟಿಗೆ ಮೇಲೆ ಹತ್ತಿ ನಿಂತರು. ಅದೂ ಸಿಗದೆ ದೂರ ನಿಂತವರಿಗೆ ಸ್ಕೋರ್ ಎಷ್ಟು ಅಂತ ಗಾಳಿಪಟ ಹಾರಿಸಿ ತಿಳಿಸಿದರಂತೆ! ಅವತ್ತಿನ ಬ್ರೇಕಿಂಗ್ ನ್ಯೂಸ್ ಅದು, ನಮ್ಮ ಹಾಗೆ ಕೆಂಪು ಪಟ್ಟಿ ಇರಲಿಲ್ಲ ಅಷ್ಟೆ. ಪರಕೀಯ ಸರ್ಕಾರದ ಕಾಲದಲ್ಲಿ, ಪರಕೀಯರ ರೈಲು ಕಂಪನಿಗೆ, ಇವರು ಬರ್ತಾರೆ, ಇವರು ವಾಪಸ್ ಹೋಗಬೇಕು ಅನ್ನೋದು ಅರ್ಥವಾಗಿತ್ತು.

ಇನ್ನು ನಮ್ಮ ಮಾಲೂರಿನ ಹಳಿ. ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ರೈಲು ಬಂದಿದ್ದು 1864ರಲ್ಲಿ. ಮಾಲೂರು, ಬಂಗಾರಪೇಟೆ ಮೇಲೆ ಹೋಗಿ ಮದ್ರಾಸಿನ ಹಳಿಗೆ ಸೇರುತ್ತೆ. ಬೆಂಗಳೂರಿಗೆ ಬಂದ ಮೊದಲ ರೈಲು ಮಾರ್ಗವೇ ಅದು. ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಕವಲು ಬಂದಿದ್ದು ಆಮೇಲೆ. ದಂಡಿನಲ್ಲಿ ಬ್ರಿಟಿಷ್ ಸಿಪಾಯಿಗಳು ಚೆಂಡು ಒದೀತಿದ್ದರು. ಅವರನ್ನ ನೋಡಿ ಅಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರದ ತಮಿಳು, ಉರ್ದು, ತೆಲುಗು, ಕನ್ನಡ ಮಾತಾಡೋ ಬಡ ಹುಡುಗರು ಬರಿಗಾಲಲ್ಲಿ ಒದೀತಾ ಕಲಿತರು. ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ, ಹೋಗಿ ನೋಡಿ.

ಆ ಹುಡುಗರ ಊರಿಂದ ಹೊರಟ ಒಂದು ತಂಡ ಬೆಂಗಳೂರು ಮುಸ್ಲಿಮ್ಸ್. ಆಗಲೇ ಹೇಳಿದ ರೋವರ್ಸ್ ಕಪ್ ಇಲ್ಲಿ ಬರುತ್ತೆ. 1891ರಿಂದ ಆ ಕಪ್ಪನ್ನ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಾ ಬಂದಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಬಾಂಬೆಗೆ ಹೋಗಿ, ಫೈನಲ್‌ನಲ್ಲಿ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನ ಸೋಲಿಸಿ ಕಪ್ ಎತ್ತಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನದು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಂದು ಸಲ. ಎಷ್ಟು ಜನ ಬೆಂಗಳೂರಿನವರಿಗೆ ಇದು ಗೊತ್ತು ಹೇಳಿ?

ಅವತ್ತು ಬೆಂಗಳೂರಿನಿಂದ ಬಾಂಬೆಗೆ ಹೋಗಬೇಕು ಅಂದರೆ ಮೀಟರ್ ಗೇಜ್ ರೈಲು. ಅರಸೀಕೆರೆ, ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಪುಣೆ. ಪುಣೆಯಲ್ಲಿ ಹಳಿಯ ಅಗಲವೇ ಬೇರೆ, ಅಲ್ಲಿ ಇಳಿದು ಗಂಟು ಮೂಟೆ ಹೊತ್ತು ಇನ್ನೊಂದು ಗಾಡಿ ಹತ್ತಬೇಕು. ಇದ್ದಲ ಹೊಗೆ ಕುಡಿದು ಅಂಗಿ ಕಪ್ಪಾಗ್ತಿತ್ತು. ಆಟಗಾರನಿಗೇ ಈ ಪ್ರಯಾಣ. ಕೂಲಿಗೆ ದುಡಿಯೋ ಅಭಿಮಾನಿ ಹೆಂಗೆ ಹೋಗ್ತಾನೆ? ಸೋತರೋ ಗೆದ್ದರೋ ಅಂತ ತಿಳಿಯೋಕೆ ಮಾರನೇ ದಿನದ ಪತ್ರಿಕೆಗೆ ಕಾಯಬೇಕಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ಆಟಗಾರರೇ ವಲಸೆ ಹೋಗೋಕೆ ಶುರು ಮಾಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ, ಧನರಾಜ್, ವೆಂಕಟೇಶ್, ಸಾಲೆ, ಅಪ್ಪಾರಾವ್ ಜೊತೆ ಆ ಕ್ಲಬ್ಬಿನ ‘ಪಂಚ ಪಾಂಡವರು’ ಅನ್ನಿಸಿಕೊಂಡರು. ಆಮೇಲೆ ಅರುಮೈನಾಯಗಂ, ಕಣ್ಣನ್. ಇವರೆಲ್ಲ ಕಲ್ಕತ್ತಾಗೆ ಹೋಗಬೇಕು ಅಂದರೆ ಮದ್ರಾಸಿನ ಮೇಲೆ ಹೋಗಬೇಕು, ಮದ್ರಾಸಿಗೆ ಹೋಗಬೇಕು ಅಂದರೆ ಮಾಲೂರು ದಾಟಬೇಕು. ಎಕ್ಸ್‌ಪ್ರೆಸ್ ಗಾಡಿ, ಚಿಕ್ಕ ಸ್ಟೇಷನ್‌ನ ಧೂಳೆಬ್ಬಿಸಿಕೊಂಡು ಹೋಗುತ್ತೆ. ಹೊಲದಲ್ಲಿ ರಾಗಿ ಕಳೆ ತೆಗೀತಿದ್ದವರಿಗೆ ಆ ಡಬ್ಬಿಯಲ್ಲಿ ಯಾರಿದ್ದರು ಅಂತ ಗೊತ್ತಾಗೋದಾದರೂ ಹೆಂಗೆ?

ಸಂತೋಷ್ ಟ್ರೋಫಿ ಕಥೆಯೂ ಇದೇ ಹಳಿ ಮೇಲೆ ಹೋಗುತ್ತೆ. ರಾಜ್ಯ ರಾಜ್ಯಗಳ ನಡುವಿನ ಈ ಪಂದ್ಯಾವಳಿಯನ್ನ ಮೈಸೂರು ತಂಡ ನಾಲ್ಕು ಸಲ ಗೆದ್ದಿತು, ನಾಲ್ಕೂ ಸಲ ಬಂಗಾಳವನ್ನ ಸೋಲಿಸಿಯೇ. 1946, 1952 ಮತ್ತು 1968-69ರ ಫೈನಲ್‌ಗಳು ಬೆಂಗಳೂರಲ್ಲೇ ನಡೆದವು, ಜನ ಕಣ್ತುಂಬ ನೋಡಿದರು. 1967-68ರದ್ದು ಮಾತ್ರ ಕಟಕ್‌ನಲ್ಲಿ. ಹೌರಾದಿಂದ ಕಟಕ್‌ಗೆ ಒಂದು ರಾತ್ರಿ. ಬೆಂಗಳೂರಿನಿಂದ ಮದ್ರಾಸು ಮೇಲೆ ಎರಡು ರಾತ್ರಿ. ಗ್ಯಾಲರಿಯಲ್ಲಿ ಯಾರ ದನಿ ಜೋರಿತ್ತು ಅನ್ನೋದನ್ನ ರೈಲ್ವೆ ಟೈಮ್‌ಟೇಬಲ್ ನೋಡಿಯೇ ಹೇಳಬಹುದು. ಆದರೂ ಮೈಸೂರು 1-0ರಿಂದ ಗೆದ್ದು ಬಂತು.

ಆಮೇಲೆ ಒಂದು ದೊಡ್ಡ ಮೌನ. ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳಿದ್ದವು, ಒಳ್ಳೆ ಆಟಗಾರರಿದ್ದರು. ಆದರೆ ಪರ ಊರಿಗೆ ಹಿಂದೆ ಬೀಳೋ ಜನ ಬೇಕು ಅಂದರೆ ನಮ್ಮೂರಿನದು ಅನ್ನೋ ಒಂದು ತಂಡ ಬೇಕು. ಅದು ಬಂದಿದ್ದು 2013ರ ಜುಲೈನಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿದಾಗ. ಅಶೋಕನಗರದ ಹಳೆ ಫುಟ್‌ಬಾಲ್ ಸ್ಟೇಡಿಯಂನ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಕೂಗೋ ಹುಡುಗರು ತಮ್ಮನ್ನ ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಕರೆದುಕೊಂಡರು.

ಮೊದಲ ವರ್ಷದಲ್ಲೇ ಪರೀಕ್ಷೆ ಬಂತು. 2014ರ ಏಪ್ರಿಲ್ 17ಕ್ಕೆ ಕರ್ನಾಟಕದಲ್ಲಿ ಲೋಕಸಭೆ ಮತದಾನ. ಅದಾದ ನಾಲ್ಕೇ ದಿನಕ್ಕೆ, 21ರ ಸೋಮವಾರ, ಗೋವಾದ ಫತೋರ್ಡಾದಲ್ಲಿ ಡೆಂಪೊ ವಿರುದ್ಧ ಪಂದ್ಯ. ಗೆದ್ದರೆ ಐ-ಲೀಗ್ ಚಾಂಪಿಯನ್. ಇಡೀ ರಾಜ್ಯ ಯಾರು ದಿಲ್ಲಿಗೆ ಹೋಗ್ತಾರೆ ಅಂತ ಲೆಕ್ಕ ಹಾಕ್ತಿತ್ತು, ಈ ಹುಡುಗರು ಗೋವಾಕ್ಕೆ ಹೋಗೋ ಬಸ್ಸಿನ ಲೆಕ್ಕ ಹಾಕ್ತಿದ್ದರು. ಸೋಮವಾರ ನೋಡಿ! ರಜೆ ಚೀಟಿಗೆ ಯಾರ್ಯಾರು ಏನೇನು ಕಾರಣ ಬರೆದರೋ, ಎಷ್ಟು ಜನ ಅಜ್ಜಿಯರಿಗೆ ಜ್ವರ ಬಂತೋ. ನೀಲಿ ಅಂಗಿಗಳು ಗೋವಾ ತಲುಪಿದವು. ಬೆಂಗಳೂರು 4-2ರಿಂದ ಗೆದ್ದಿತು. ಹುಟ್ಟಿ ವರ್ಷ ತುಂಬದ ತಂಡ ದೇಶದ ಚಾಂಪಿಯನ್ ಆಗಿದ್ದನ್ನ ಕಣ್ಣಾರೆ ಕಂಡ ಬೆಂಗಳೂರಿನವರು ಆ ರಾತ್ರಿ ಬಸ್ಸು ಹತ್ತಿ ಹೋದ ಅಷ್ಟು ಜನ ಮಾತ್ರ.

ಮಾರನೇ ವರ್ಷ ಚಕ್ರ ತಿರುಗಿತು. 2015ರ ಮೇ 31, ಕಂಠೀರವ. ಲೀಗಿನ ಕೊನೆ ಪಂದ್ಯ. ಮೋಹನ್ ಬಾಗಾನ್‌ಗೆ ಡ್ರಾ ಸಾಕು. ನಾವು 1-0 ಮುಂದಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಒಂದು ಗೋಲು. ಕೋಲ್ಕತ್ತದಿಂದ ಬಂದಿದ್ದವರು ನಮ್ಮ ಮೈದಾನದಲ್ಲಿ ಕುಣಿದರು. ಹೊಟ್ಟೆ ಉರೀತು, ನಿಜ. ಆದರೆ ಅಷ್ಟು ದೂರದಿಂದ ಬಂದವನಿಗೆ ಆ ಕುಣಿತದ ಹಕ್ಕಿದೆ ರೀ. ಫತೋರ್ಡಾದಲ್ಲಿ ನಮ್ಮವರು ಕುಣಿದಾಗ ಗೋವಾದವರು ನೋಡಿಕೊಂಡು ಕೂತಿರಲಿಲ್ವಾ?

2016ರ ನವೆಂಬರ್ 5ಕ್ಕೆ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್. ಅಲ್ಲಿವರೆಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮದು. ಎದುರಾಳಿ ಇರಾಕಿನ ವಾಯುಪಡೆ ಕ್ಲಬ್. ಯುದ್ಧದಿಂದ ನಲುಗಿದ ಅವರ ದೇಶದಲ್ಲಿ ಪಂದ್ಯ ಆಡಿಸೋ ಹಾಗಿರಲಿಲ್ಲ, ಅದಕ್ಕೇ ದೋಹಾ ಅವರ ತವರು ಮೈದಾನ ಆಗಿತ್ತು. ಯೋಚನೆ ಮಾಡಿ, ತವರಿನ ಪಂದ್ಯ ನೋಡೋಕೂ ದೇಶ ದಾಟಬೇಕಾದ ಅಭಿಮಾನಿಯನ್ನ. ನಾವು 1-0ರಿಂದ ಸೋತೆವು. 2019ರ ಮಾರ್ಚ್ 17ಕ್ಕೆ ಮುಂಬೈನಲ್ಲಿ ಐಎಸ್‌ಎಲ್ ಫೈನಲ್, ಹೆಚ್ಚುವರಿ ಸಮಯದ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಗೋಲು, ಕಪ್ ನಮ್ಮದು. 1937ರಲ್ಲಿ ಪುಣೆಯಲ್ಲಿ ಗಾಡಿ ಬದಲಿಸಿ ಹೋಗ್ತಿದ್ದ ಅದೇ ಮುಂಬೈ.

ಇನ್ನು 2023ರ ಮಾರ್ಚ್ ತಿಂಗಳ ಎರಡು ದಿನ. ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಬೇಕು.

ಮಾರ್ಚ್ 3, ಶುಕ್ರವಾರ ರಾತ್ರಿ, ಕಂಠೀರವ. ಐಎಸ್‌ಎಲ್ ನಾಕೌಟ್. ಎದುರಾಳಿ ಕೇರಳ ಬ್ಲಾಸ್ಟರ್ಸ್. ಅವರ ಹಳದಿ ಅಭಿಮಾನಿಗಳ ವಿಷಯವೇ ಬೇರೆ. ಕೆಲವರು ಕೊಚ್ಚಿಯಿಂದ, ಮಲಪ್ಪುರಂನಿಂದ ಬರ್ತಾರೆ. ಇನ್ನು ಕೆಲವರು ಬರೋದು ಮಡಿವಾಳ, ಎಲೆಕ್ಟ್ರಾನಿಕ್ ಸಿಟಿಯಿಂದ! ಇಲ್ಲೇ ಕೆಲಸ, ಇಲ್ಲೇ ಬಾಡಿಗೆ ಮನೆ, ಆದರೆ ಆ ತೊಂಬತ್ತು ನಿಮಿಷ ಅವರು ಪರ ಊರಿನವರು. ಮಾಸ್ತಿಯ ಹುಡುಗ ತವರಿನವನಾಗಿ ಮೂರು ವಾಹನ ಬದಲಿಸಿ ಬರ್ತಾನೆ, ಮಡಿವಾಳದ ಹುಡುಗ ಪರ ಊರಿನವನಾಗಿ ಒಂದೇ ಬಸ್ಸಲ್ಲಿ ಬರ್ತಾನೆ. ಇರಲಿ. ಆವತ್ತು ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಎದುರಿನವರು ಗೋಡೆ ಕಟ್ಟೋ ಮುಂಚೆಯೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದೇಬಿಟ್ಟರು. ಗೋಲು ಅಂದರು ರೆಫ್ರಿ. ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೀತು, ವಾಪಸ್ ಬರಲೇ ಇಲ್ಲ. ಆಮೇಲೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ನಿಷೇಧ, ಟೀವಿಯಲ್ಲಿ ವಾರಗಟ್ಟಲೆ ವಾದ. ರೆಫ್ರಿ ಸರಿಯೋ ತಪ್ಪೋ ಅಂತ ಎಲ್ಲರೂ ಕೇಳಿದರು. ಟಿಕೆಟ್ ಕೊಂಡು, ರಾತ್ರಿ ಬಸ್ಸಲ್ಲಿ ಬಂದು, ತನ್ನ ತಂಡ ಎದ್ದು ಹೋದ ಮೇಲೂ ಗ್ಯಾಲರಿಯಲ್ಲಿ ನಿಂತೇ ಇದ್ದವನನ್ನ ಯಾರೂ ಕೇಳಲಿಲ್ಲ. ಅವನಿಗೆ ಎದ್ದು ಹೋಗೋಕೂ ಬಸ್ಸಿನ ಹೊತ್ತಾಗಿರಲಿಲ್ಲ!

ಮಾರನೇ ದಿನ, ಮಾರ್ಚ್ 4. ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯದ ವಿರುದ್ಧ 3-2. ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ! ಸೆಮಿಫೈನಲ್, ಫೈನಲ್ ಎರಡನ್ನೂ ಅಲ್ಲಿಗೆ ಒಯ್ದಿದ್ದರು. ದೇಶದ ಆಟಕ್ಕೆ ಹೊರಗಡೆ ಹೆಸರು ಬರುತ್ತೆ ಅನ್ನೋದು ಕಾರಣ. ಬರಲಿ, ಬೇಡ ಅನ್ನಲ್ಲ. ಆದರೆ ಅರ್ಧ ಶತಮಾನ ಕಾದ ಗೌತಮಪುರದ ಮುದುಕನಿಗೆ ಪಾಸ್‌ಪೋರ್ಟ್ ಇದೆಯಾ ಅಂತ ಕೇಳಿದ್ದರಾ? ಶಿಲ್ಲಾಂಗ್‌ನ ಹುಡುಗನಿಗೆ ವೀಸಾ ಯಾರು ಮಾಡಿಸಿಕೊಡ್ತಾರೆ? 1968ರಲ್ಲಿ ಕಟಕ್ ದೂರ ಇತ್ತು, ಆದರೆ ಸಾಲ ಮಾಡಿಯಾದರೂ ಹೋಗಬಹುದಾದ ದೂರ. ಗಲ್ಫ್‌ನಲ್ಲಿ ದುಡಿಯೋ ನಮ್ಮ ಕನ್ನಡಿಗರು ಅಲ್ಲಿದ್ದಾರೆ ಅನ್ನೋದೊಂದೇ ಸಮಾಧಾನ.

ಇದಕ್ಕೂ ಒಂದು ವರ್ಷ ಮುಂಚಿನ ಒಂದು ಭಾನುವಾರ ಇದೆ. ಅದನ್ನ ಹೇಳದೆ ಈ ಚರಿತ್ರೆ ಮುಗಿಯಲ್ಲ. ಕೊರೊನಾದಿಂದ ಎರಡು ಸೀಸನ್ ಐಎಸ್‌ಎಲ್ ಪಂದ್ಯಗಳು ಗೋವಾದಲ್ಲಿ ಖಾಲಿ ಗ್ಯಾಲರಿ ಎದುರು ನಡೆದಿದ್ದವು. 2022ರ ಮಾರ್ಚ್ 20ರ ಫೈನಲ್‌ಗೆ ಜನರನ್ನ ಬಿಟ್ಟರು. ಕೇರಳ ಬ್ಲಾಸ್ಟರ್ಸ್ ಫೈನಲ್ ತಲುಪಿದ್ದು ಖಾತ್ರಿಯಾಗಿದ್ದು ಮಾರ್ಚ್ 15ಕ್ಕೆ. ನಡುವೆ ಐದೇ ದಿನ. ಕೇರಳದಿಂದ ರೈಲು, ಬಸ್ಸು, ಕಾರು, ಬೈಕು, ಸಿಕ್ಕಿದ್ದರಲ್ಲಿ ಜನ ಹೊರಟರು. ಹೆದ್ದಾರಿ 66, ಕಾಸರಗೋಡು, ಮಂಗಳೂರು, ಉಡುಪಿ, ಕಾರವಾರ, ಅಂದರೆ ನಮ್ಮ ಕರಾವಳಿಯ ಉದ್ದಕ್ಕೂ ಹಳದಿ ಬಾವುಟ. ಫೈನಲ್ ದಿನ ಬೆಳಗಿನ ಜಾವ ಕಾಸರಗೋಡು ಜಿಲ್ಲೆಯ ಉದುಮದ ಬಳಿ, ಬೈಕಿನಲ್ಲಿ ಗೋವಾಕ್ಕೆ ಹೊರಟಿದ್ದ ಮಲಪ್ಪುರಂನ ಇಬ್ಬರು ಹುಡುಗರು ಅಪಘಾತದಲ್ಲಿ ತೀರಿಹೋದರು. ಆ ಸಂಜೆ ಫತೋರ್ಡಾದಲ್ಲಿ ಹಳದಿ ಜರ್ಸಿ ಹೈದರಾಬಾದ್ ತಂಡದ ಪಾಲಾಗಿತ್ತು, ಬ್ಲಾಸ್ಟರ್ಸ್ ಕಪ್ಪು ತೊಟ್ಟು ಆಡಿದರು. ಗ್ಯಾಲರಿ ಮಾತ್ರ ಹಳದಿಯಾಗಿಯೇ ಇತ್ತು. ಪೆನಾಲ್ಟಿಯಲ್ಲಿ ಸೋತರು.

ಅಪಘಾತಕ್ಕೆ ಯಾರು ಹೊಣೆ ಅಂತ ನಾನು ಇಲ್ಲಿ ತೀರ್ಪು ಕೊಡ್ತಿಲ್ಲ. ಒಂದು ಲೆಕ್ಕ ಮಾತ್ರ ನಿಮ್ಮ ಮುಂದೆ ಇಡ್ತೀನಿ. ಅವತ್ತು ರೈಲಿನ ಮುಂಗಡ ಬುಕಿಂಗ್ 120 ದಿನ ಮುಂಚೆ ಶುರುವಾಗ್ತಿತ್ತು, 2024ರ ನವೆಂಬರ್‌ನಿಂದ 60 ದಿನ. ಫೈನಲ್‌ಗೆ ಯಾರು ಬರ್ತಾರೆ ಅಂತ ಗೊತ್ತಾಗೋದು ಐದು ದಿನ ಮುಂಚೆ. ಉಳಿಯೋದು ತತ್ಕಾಲ್. ಹಿಂದಿನ ದಿನ ಹತ್ತು ಗಂಟೆಗೆ ಎಸಿ, ಹನ್ನೊಂದಕ್ಕೆ ಸ್ಲೀಪರ್, ಎರಡು ನಿಮಿಷದಲ್ಲಿ ಖಾಲಿ. ಕ್ರಿಕೆಟ್‌ಗಾದರೆ ರೈಲ್ವೆಗೆ ಈ ಲೆಕ್ಕ ಬರುತ್ತೆ. 2023ರ ವಿಶ್ವಕಪ್‌ನ ಭಾರತ-ಪಾಕಿಸ್ತಾನ ಪಂದ್ಯಕ್ಕೆ ಮುಂಬೈನಿಂದ ಅಹಮದಾಬಾದ್‌ಗೆ ವಿಶೇಷ ರೈಲು ಬಿಟ್ಟರು. ಐಪಿಎಲ್ ದಿನ ನಮ್ಮ ಮೆಟ್ರೋ ತಡರಾತ್ರಿವರೆಗೆ ಓಡುತ್ತೆ. ಆಗೋ ಕೆಲಸ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪರ ಊರಿನ ಅಭಿಮಾನಿ ಅಂದರೆ ಗಲಾಟೆ ಅನ್ನೋ ಭಯ ಪೊಲೀಸರಿಗಿದೆ. ಭಯಕ್ಕೆ ಕಾರಣವೂ ಇದೆ. 1980ರ ಆಗಸ್ಟ್ 16ಕ್ಕೆ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯದ ಗಲಭೆಯಲ್ಲಿ 16 ಜನ ಸತ್ತರು. ಅರ್ಜೆಂಟೀನಾದಲ್ಲಿ 2013ರಲ್ಲಿ ಒಬ್ಬ ಅಭಿಮಾನಿ ಸತ್ತ ಮೇಲೆ ಪರ ಊರಿನವರು ಬರೋದನ್ನೇ ನಿಷೇಧಿಸಿದರು. ಇಂಗ್ಲೆಂಡ್ ಬೇರೆ ದಾರಿ ಹಿಡೀತು. ಅಲ್ಲಿನ ಪ್ರೀಮಿಯರ್ ಲೀಗ್‌ನಲ್ಲಿ ಪರ ತಂಡದವರಿಗೆ 3,000 ಸೀಟು ಅಥವಾ ಮೈದಾನದ ಶೇಕಡಾ 10, ಎರಡರಲ್ಲಿ ಕಡಿಮೆ ಯಾವುದೋ ಅಷ್ಟನ್ನ ಕೊಡಲೇಬೇಕು. 2016ರಿಂದ ಆ ಟಿಕೆಟ್ ದರ 30 ಪೌಂಡ್ ದಾಟೋ ಹಾಗಿಲ್ಲ. ಬೇರೆ ಗೇಟು, ಬೇರೆ ಸಾಲು, ಹೊರಗೆ ಬಿಡೋಕೆ ಒಂದು ಕ್ರಮ. ಬರಬೇಡಿ ಅನ್ನೋದು ಸುಲಭ, ಹೆಂಗೆ ಬರಬೇಕು ಅಂತ ಮುಂಚೆಯೇ ಹೇಳೋದು ಕೆಲಸ. ಯಾವ ಗೇಟು, ಯಾವ ಪಾಸು ಅಂತ ಸರಿಯಾಗಿ ಹೇಳದಿದ್ದರೆ ಏನಾಗುತ್ತೆ ಅನ್ನೋದನ್ನ 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಮುಂದೆ ನೋಡಿದ್ದೀವಿ. 11 ಜೀವ. ಕಂಠೀರವದಿಂದ ನಡೆದು ಹೋಗೋ ದೂರ ಅದು. ಆವತ್ತು ಸತ್ತವರು ಪರ ಊರಿನ ಮೈದಾನಕ್ಕೇನೂ ಹೋಗಿರಲಿಲ್ಲ. ತಮ್ಮದೇ ತಂಡ, ತಮ್ಮದೇ ಕಪ್ಪು.

ಹೆಣ್ಣುಮಕ್ಕಳ ಮಾತು ಬಂದರೆ ಇನ್ನೂ ಕಷ್ಟ. ಮಾಲೂರಿನ ಒಬ್ಬ ಕಾಲೇಜು ಹುಡುಗಿ ರಾತ್ರಿ ಹತ್ತಕ್ಕೆ ಮುಗಿಯೋ ಪಂದ್ಯಕ್ಕೆ ಹೊರಟರೆ ಮನೆಯಲ್ಲಿ ಮೊದಲು ಕೇಳೋ ಪ್ರಶ್ನೆ, ವಾಪಸ್ ಹೆಂಗೆ ಬರ್ತೀಯಮ್ಮ? ನಾನು ಮೇಲೆ ಕೇಳಿದ್ದೂ ಅದನ್ನೇ. ಇಷ್ಟು ಚರಿತ್ರೆ ಹೇಳಿ ಕೇಳಬೇಕಾದ ಪ್ರಶ್ನೆಯನ್ನ ಆ ತಾಯಿ ಬಾಗಿಲಲ್ಲಿ ನಿಂತು ಒಂದೇ ಮಾತಲ್ಲಿ ಕೇಳ್ತಾಳೆ.

ಏಳೂವರೆಗೇ ಪಂದ್ಯ ಯಾಕೆ? ಟೀವಿಗಾಗಿ. ನಮ್ಮ ವೃತ್ತಿಯ ಲೆಕ್ಕ ಅದು. ಜನ ಊಟಕ್ಕೆ ಕೂರೋ ಹೊತ್ತು, ಜಾಹೀರಾತಿಗೆ ಒಳ್ಳೆ ಬೆಲೆ. ತಪ್ಪು ಅನ್ನಲ್ಲ, ಟೀವಿ ದುಡ್ಡಿಲ್ಲದೆ ಲೀಗ್ ನಡೆಯಲ್ಲ. ಆದರೆ ಭಾನುವಾರ ಸಂಜೆ ಐದಕ್ಕೆ ಒಂದಿಷ್ಟು ಪಂದ್ಯ ಇಟ್ಟರೆ ಬಂಗಾರಪೇಟೆ, ಕೆಜಿಎಫ್, ರಾಮನಗರ, ತುಮಕೂರಿನವರು ಅದೇ ರಾತ್ರಿ ಮನೆ ಸೇರ್ತಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ಬಂದು ದುಡಿದು ಹೋಗ್ತಿದ್ದಾರೆ. ಆ ರೈಲುಗಳ ಹೊತ್ತು ಅವರಿಗೆ ಬಾಯಿಪಾಠ. ಲೀಗ್ ನಡೆಸೋರು ಆ ಹಾಳೆ ಒಂದು ಸಲ ತರಿಸಿ ನೋಡಲಿ.

ಈಗಂತೂ ಹೊತ್ತಿನ ಮಾತು ಬಿಡಿ, ದಿನಾಂಕವೇ ಇಲ್ಲದ ಕಾಲವನ್ನೂ ಅಭಿಮಾನಿ ನೋಡಿದ. 2025ರ ಜುಲೈನಲ್ಲಿ, ಫೆಡರೇಷನ್ ಮತ್ತು ಲೀಗ್ ನಡೆಸೋ ಕಂಪನಿ ನಡುವಿನ ಒಪ್ಪಂದ ಮುಗೀತಾ ಬಂತು ಅಂತ ಐಎಸ್‌ಎಲ್‌ನ ಮುಂದಿನ ಸೀಸನ್ ತಡೆಹಿಡಿದರು. ವರ್ಷ ಮುಗಿದರೂ ಒಂದು ಪಂದ್ಯ ನಡೆಯಲಿಲ್ಲ. ಆಟಗಾರರ ಸಂಬಳದ ಸುದ್ದಿ ಬಂತು, ಕೋರ್ಟಿನ ಸುದ್ದಿ ಬಂತು. ಪ್ರತಿ ವರ್ಷ ವೇಳಾಪಟ್ಟಿ ಬಂದ ರಾತ್ರಿಯೇ ಕೂತು ಗೋವಾ ಯಾವಾಗ, ಕೊಚ್ಚಿ ಯಾವಾಗ, ರಜೆ ಎಷ್ಟಿದೆ, ಚೀಟಿ ದುಡ್ಡು ಯಾವ ತಿಂಗಳು ಬರುತ್ತೆ ಅಂತ ಗುರುತು ಹಾಕಿಕೊಳ್ತಿದ್ದ ಹುಡುಗನ ಸುದ್ದಿ ಯಾವ ಬುಲೆಟಿನ್‌ನಲ್ಲೂ ಬರಲಿಲ್ಲ. 1911ರಲ್ಲಿ ಅವನಿಗೋಸ್ಕರ ರೈಲು ಬಿಟ್ಟಿದ್ದರು. ಈಗ ಅವನು ರೈಲು ಕೇಳ್ತಿಲ್ಲ. ಅರವತ್ತು ದಿನ ಮುಂಚೆ ಒಂದು ದಿನಾಂಕ ಕೊಡಿ, ಟಿಕೆಟ್ ತಾನೇ ತೆಗೀತಾನೆ. ಮಾಲೂರು ಸ್ಟೇಷನ್‌ನಲ್ಲಿ ಕೌಂಟರ್ ಇದೆ.